ಕೌದಿಗೆ ಬಟ್ಟೆ ಎಷ್ಟು ಬೇಕು?



ಹೋದ ವರ್ಷ ನಮ್ಮ ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಟ್ರಂಕಿನಿಂದ ಹೊರಗೆ ತೆಗೆದೆವು. ಅವ್ವ ಈಗಿಲ್ಲ. ಸೀರೆ ಸುಮ್ಮನೆ ಹಾಳಾಗೋದಕ್ಕಿಂತ ಒಂದು ಕೌದಿ ಹೊಲಿಯೋಣ ಅಂತ ಅಕ್ಕ ಅಂದಳು. ಲೆಕ್ಕದ ಕೆಲಸ ನನಗೆ ಬಂತು. ವಿಜ್ಞಾನ ಕಲಿಸುವವನಿಗೆ ಕ್ಷೇತ್ರಫಲ ಏನು ದೊಡ್ಡ ಮಾತು ಅಂದುಕೊಂಡೆ. ಅಗಲ 150 ಸೆಂ.ಮೀ., ಉದ್ದ 210 ಸೆಂ.ಮೀ., ಒಂದೊಂದು ಚೌಕ 15 ಸೆಂ.ಮೀ. ಅಗಲಕ್ಕೆ 10, ಉದ್ದಕ್ಕೆ 14, ಒಟ್ಟು 140 ಚೌಕ. ಕತ್ತರಿಸಿಯೇ ಬಿಟ್ಟೆವು.

ಹೊಲಿದು ಅಳೆದರೆ 130 × 182 ಸೆಂ.ಮೀ. ಮಾತ್ರ! ಹೊದ್ದುಕೊಂಡರೆ ಕಾಲು ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಖರೆ, ಆದರೆ ಕತ್ತರಿಸಿದ ಅವ್ವನ ಸೀರೆಯನ್ನು ಮತ್ತೆ ಕೂಡಿಸಲು ಬರೋದಿಲ್ಲ.

ಬಟ್ಟೆ ಎಲ್ಲಿ ಹೋಯಿತು?

ಎರಡು ತುಂಡು ಜೋಡಿಸುವಾಗ ಅಂಚಿನಿಂದ ಸುಮಾರು 1 ಸೆಂ.ಮೀ. ಒಳಗೆ ಹೊಲಿಗೆ ಹಾಕುತ್ತೇವೆ. ದರ್ಜಿಗಳು ಇದಕ್ಕೆ ಮಾರ್ಜಿನ್ ಅಂತಾರೆ. ಚೌಕದ ನಾಲ್ಕೂ ಬದಿಗೆ ಇದು ಹೋಗುವುದರಿಂದ 15 ಸೆಂ.ಮೀ. ತುಂಡು ಹೊಲಿದ ಮೇಲೆ 13 ಆಗುತ್ತದೆ. 14 ಸಾಲಿಗೆ 2 ಸೆಂ.ಮೀ.ನಂತೆ 28 ಸೆಂ.ಮೀ. ಮಾಯ! ಹೊಲಿದ ಮೇಲೆ 15 ಬೇಕಾದರೆ 17 ಸೆಂ.ಮೀ. ಕತ್ತರಿಸಬೇಕು.

ಈಗ ಕ್ಷೇತ್ರಫಲ ನೋಡಿರಿ. 15 × 15 = 225, 17 × 17 = 289. ಅಂದರೆ ಶೇಕಡಾ 28ರಷ್ಟು ಹೆಚ್ಚು ಬಟ್ಟೆ. ಚೌಕ 30 ಸೆಂ.ಮೀ. ಇದ್ದರೆ ಈ ಹೆಚ್ಚಳ ಶೇಕಡಾ 14, 10 ಸೆಂ.ಮೀ. ಇದ್ದರೆ 44, 5 ಸೆಂ.ಮೀ. ಇದ್ದರೆ 96, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ತುಂಡು ಸಣ್ಣದಾದಷ್ಟೂ ಅದರ ಕ್ಷೇತ್ರಫಲಕ್ಕೆ ಹೋಲಿಸಿದರೆ ಅಂಚು ಹೆಚ್ಚು. ಕಲ್ಲುಸಕ್ಕರೆಗಿಂತ ಸಕ್ಕರೆ ಪುಡಿ ಬೇಗ ಕರಗುವುದಕ್ಕೂ ಇಂಥದೇ ಕಾರಣ: ಸಣ್ಣದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು.

ಪನ್ನಾ ಮರೆಯಬೇಡಿ

ಬರೇ ಕ್ಷೇತ್ರಫಲ ಭಾಗಿಸಿದರೆ ಸಾಲದು. ಬಟ್ಟೆಯ ಪನ್ನಾ 110 ಸೆಂ.ಮೀ. ಇದ್ದರೆ 110 ÷ 17 = 6.47. ಅರ್ಧ ಚೌಕ ಉಪಯೋಗಕ್ಕಿಲ್ಲ, ಆದ್ದರಿಂದ ಒಂದು ಸಾಲಿಗೆ 6. 140 ÷ 6 = 23.33, ಅಂದರೆ 24 ಸಾಲು. 24 × 17 = 408 ಸೆಂ.ಮೀ. ಮೇಲಿನ ಪದರಿಗೇ 4.08 ಮೀಟರ್ ಬೇಕು. ನಾನು ಹಿಡಿದದ್ದು ಬರೇ 3 ಮೀಟರ್! ಗಮನಿಸಿರಿ: ಒಂದು ಸಾಲಿನ ಚೌಕ ಎಣಿಸುವಾಗ ಕೆಳಗಿನ ಪೂರ್ಣಾಂಕ, ಸಾಲು ಎಣಿಸುವಾಗ ಮೇಲಿನ ಪೂರ್ಣಾಂಕ ಹಿಡಿಯಬೇಕು.

ಕೆಳಗಿನ ಪದರು ಬೇರೆ. 1.52 ಮೀಟರಿನ ಎರಡು ತುಂಡು ಪಕ್ಕ ಪಕ್ಕ ಜೋಡಿಸಿದರೆ ಒಂದು ಪದರು, ಅಂದರೆ 3.04 ಮೀಟರ್. ಎರಡು ಪದರಿಗೆ 6.08. ಮೇಲಿನದು ಸೇರಿ 10.16 ಮೀಟರ್. ಒಂಬತ್ತು ಗಜದ ಸೀರೆ ಸುಮಾರು 8.2 ಮೀಟರ್. ಹಾಗಾಗಿ ಎರಡು ಸೀರೆ ಬೇಕು. ಹಳೇ ಸೀರೆಯಲ್ಲಿ ಸವೆದ ಭಾಗ ಬಿಟ್ಟು ಗಟ್ಟಿ ಇದ್ದಷ್ಟನ್ನೇ ಅಳೆಯಿರಿ. ಹೊಸ ಹತ್ತಿ ಬಟ್ಟೆ ಸೇರಿಸುವುದಾದರೆ ಮೊದಲು ತೊಳೆದು ಒಣಗಿಸಿರಿ, ಇಲ್ಲವಾದರೆ ಆಮೇಲೆ ಕುಗ್ಗಿ ಸುಕ್ಕಾಗುತ್ತದೆ.

ಅಜ್ಜಿಯರ ಲೆಕ್ಕ

ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಅಜ್ಜಿಯರು ಇದ್ಯಾವುದನ್ನೂ ಬರೆದು ನೋಡಿದವರಲ್ಲ. ಮೊಳ, ಗೇಣು ಹಾಕಿ ಮೊದಲು ಕೆಳಗಿನ ಬಟ್ಟೆ ಹಾಸುತ್ತಾರೆ. ಅದರ ಮೇಲೆ ತುಂಡುಗಳ ಅಂಚು ಮಡಚಿ ಇಟ್ಟು ಸಾಲು ಸಾಲಾಗಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಕೌದಿಯನ್ನು ಹೀಗೆ ಅಂಚಿನಿಂದ ನಡುವಿಗೆ ಹೊಲಿಯುತ್ತಾ ಹೋಗುತ್ತಾರೆ. ಅಳತೆ ಮೊದಲೇ ನಿಂತುಬಿಟ್ಟಿರುವುದರಿಂದ ತುಂಡು ಕಡಿಮೆ ಬಿದ್ದರೆ ಇನ್ನೊಂದು ಇಟ್ಟರಾಯಿತು, ಕೌದಿ ಮಾತ್ರ ಗಿಡ್ಡ ಆಗೋದಿಲ್ಲ.

ನಮ್ಮ ಕೌದಿಯನ್ನು ಉಳಿಸಿದ್ದೂ ಅಂಥ ಒಬ್ಬ ಅಜ್ಜಿಯೇ. “ಸುತ್ತ ಪಟ್ಟಿ ಕೊಡ್ರಿ ಮಾಸ್ತರ, ಅಳೋದ್ಯಾಕ?” ಅಂದರು. ಅವ್ವನ ಇನ್ನೊಂದು ಸೀರೆಯಿಂದ ಎಡ ಬಲ 10, ಮೇಲೆ ಕೆಳಗೆ 14 ಸೆಂ.ಮೀ. ಪಟ್ಟಿ ಹಚ್ಚಿದೆವು. ಈ ಸಲ ಪ್ರತಿ ಪಟ್ಟಿಗೆ 2 ಸೆಂ.ಮೀ. ಹೆಚ್ಚು ಹಿಡಿದೆ ಅನ್ನೋದನ್ನು ಬೇರೆ ಹೇಳಬೇಕಿಲ್ಲ.

ವರ್ಗದಲ್ಲಿ ಮಾಡಿ ನೋಡಿರಿ

ಎಂಟನೇ ಇಯತ್ತೆಯ ಮಕ್ಕಳಿಗೆ ಹಳೇ ಪೇಪರ್ ಕೊಡಿರಿ. ಒಂದು ಗುಂಪು 30, ಇನ್ನೊಂದು 15, ಮತ್ತೊಂದು 5 ಸೆಂ.ಮೀ. ಚೌಕ ಕತ್ತರಿಸಲಿ. ಎಲ್ಲ ಬದಿಗೂ 1 ಸೆಂ.ಮೀ. ಮಡಚಿ, ಉಳಿದ ಕ್ಷೇತ್ರಫಲ ಮೊದಲಿನ ಶೇಕಡಾ ಎಷ್ಟು ಅಂತ ಬರೆಯಲಿ. ಉತ್ತರ 87, 75, 36ರ ಹತ್ತಿರ ಬರಬೇಕು. ಆಮೇಲೆ, ಮನೆಯಲ್ಲಿ ಕೌದಿ ಇದ್ದರೆ ಅಳೆದುಕೊಂಡು ಬರಲು ಹೇಳಿರಿ. ಯಾರ ಸೀರೆ, ಯಾರ ಧೋತರ ಅದರಲ್ಲಿದೆ ಅನ್ನೋದನ್ನೂ ಕೇಳಿಕೊಂಡು ಬರಲಿ.