ಮಾರುವುದೆ, ಇರಿಸಿಕೊಳ್ಳುವುದೆ?

ಮನುಷ್ಯನ ಸ್ವತ್ತುಗಳಲ್ಲಿ ಎರಡು ಬಗೆ. ಹೊಲ, ಮನೆ, ಬಂಗಾರ ಮೊದಲಾದವು ಕಾಲ ಕಳೆದಂತೆ ಬೆಲೆ ಏರಿಸಿಕೊಳ್ಳುತ್ತವೆ. ಇವನ್ನು ಮಾರಬೇಕಾಗಿ ಬಂದವನನ್ನು ಕಂಡು ಊರು ಮರುಗುತ್ತದೆ. ಎತ್ತು, ಬಂಡಿ, ಮೋಟಾರು ಮೊದಲಾದವು ದುಡಿದಂತೆಲ್ಲ ಸವೆಯುತ್ತವೆ; ಇವನ್ನು ಮಾರದೆ ಇಟ್ಟುಕೊಂಡವನನ್ನು ಕಂಡು ಊರು ನಗುತ್ತದೆ. ಕಳೆದೊಂದು ವರ್ಷದಿಂದ ಈ ಎರಡನೆಯ ಬಗೆಯ ನಗೆಗೆ ನಾನು ಪಾತ್ರನಾಗಿದ್ದೆ. ರಾಯಚೂರಿನ ನನ್ನ ಮನೆಯ ಮುಂದೆ, ತಗಡಿನ ಚಪ್ಪರದ ನೆರಳಿನಲ್ಲಿ ನಿಂತ ಹೋಂಡಾ ಸಿಟಿ ವಿಟೆಕ್ ಕಾರೇ ಇದಕ್ಕೆ ಕಾರಣ. 2002ನೆಯ ಇಸವಿಯ ಜೂನ್ ತಿಂಗಳಲ್ಲಿ ಕೊಂಡದ್ದು. ಹಣೆಯ ಮೇಲೆ ಕೆ.ಎ. 36 ಎಂಬ ನಮ್ಮ ಜಿಲ್ಲೆಯ ಅಂಕಿತ. ಮೈಮೇಲೆ ಒಂದು ಗೀರಿಲ್ಲ.

ಈ ಕಾರಿನ ಕುಲಗೋತ್ರವನ್ನು ಓದುಗರಿಗೆ ಸ್ವಲ್ಪ ಹೇಳಬೇಕು. ಜಪಾನಿನ ಹೋಂಡಾ ಸಂಸ್ಥೆಯು ಸಿಯೆಲ್ ಎಂಬ ಭಾರತೀಯ ಸಂಸ್ಥೆಯೊಡನೆ ಕೂಡಿ 1995ರಲ್ಲಿ ನಮ್ಮ ದೇಶಕ್ಕೆ ಬಂದಿತು. ಗ್ರೇಟರ್ ನೊಯ್ಡಾದಲ್ಲಿ ಕಾರ್ಖಾನೆ ಕಟ್ಟಿ, 1998ರ ಆರಂಭದಲ್ಲಿ ಸಿಟಿ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಕೆಲವು ವರ್ಷಗಳ ತರುವಾಯ ಅದೇ ಮೈಯೊಳಗೆ ವಿಟೆಕ್ ಎಂಜಿನನ್ನು ಕೂಡಿಸಿದರು. ಒಂದೂವರೆ ಲೀಟರಿನ, ಸುಮಾರು 106 ಅಶ್ವಶಕ್ತಿಯ ಎಂಜಿನು ಅದು. ಮಧ್ಯಮವರ್ಗದವನು ಸಾಲ ಮಾಡಿಯಾದರೂ ಕೊಳ್ಳಬಹುದಾದ ಕಾರಿನಲ್ಲಿ ಅಂದು ಅಷ್ಟು ಶಕ್ತಿ ಅಪರೂಪವಾಗಿತ್ತು. 2003ರಲ್ಲಿ ಹೊಸ ಆಕಾರದ ಸಿಟಿ ಬಂದು ಈ ತಲೆಮಾರು ಮುಗಿಯಿತು. 2020ರ ಡಿಸೆಂಬರಿನಲ್ಲಿ ಆ ಕಾರ್ಖಾನೆಯಲ್ಲಿ ಕಾರು ಮಾಡುವುದೇ ನಿಂತಿತು. ತಾನು ಹುಟ್ಟಿದ ಮನೆಯ ಬಾಗಿಲು ಮುಚ್ಚಿದ ಮೇಲೂ ಬದುಕಿರುವ ಯಂತ್ರವಿದು.

ವಿಟೆಕ್ ಎಂದರೇನು? ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಕಬ್ಬಿಣವನ್ನು ಬೆಚ್ಚಗಿಡಲು ಅವನು ತಿದಿಯನ್ನು ಮೆಲ್ಲಗೆ ಒತ್ತುತ್ತಾನೆ. ಕೆಂಪಗೆ ಕಾಯಿಸಬೇಕಾದಾಗ ತುಂಬುಗಾಳಿ ಹಾಯಿಸುತ್ತಾನೆ. ಸಾಮಾನ್ಯ ಎಂಜಿನ್ನಿಗೆ ಒಂದೇ ಬಗೆಯ ಉಸಿರು. ಅದರ ಕವಾಟಗಳು ಎಷ್ಟು ತೆರೆಯಬೇಕೆಂಬುದು ಕಾರ್ಖಾನೆಯಲ್ಲೇ ನಿಶ್ಚಿತವಾಗಿಬಿಡುತ್ತದೆ. ವಿಟೆಕ್ ಎಂಜಿನ್ನಿಗಾದರೋ ಎರಡು ಉಸಿರುಗಳಿವೆ. ನಿಧಾನವಾಗಿ ಹೋಗುವಾಗ ಕವಾಟಗಳು ಮಿತವಾಗಿ ತೆರೆದು ಪೆಟ್ರೋಲನ್ನು ಉಳಿಸುತ್ತವೆ. ಎಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತುಗಳ ಹತ್ತಿರ ಬಂದಾಗ, ಎಣ್ಣೆಯ ಒತ್ತಡದಿಂದ ಒಂದು ಸಣ್ಣ ಕೀಲು ಸರಿದು, ಅದುವರೆಗೆ ಸುಮ್ಮನೆ ತಿರುಗುತ್ತಿದ್ದ ಮತ್ತೊಂದು ಎತ್ತರದ ಉಬ್ಬು ಕೆಲಸಕ್ಕೆ ಬರುತ್ತದೆ. ಕವಾಟಗಳು ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆಯುತ್ತವೆ. ಒಡನೆಯೆ ಎಂಜಿನ್ನಿನ ದನಿ ಬದಲಾಗುತ್ತದೆ. ಗಂಟಲಲ್ಲಿ ಗುನುಗುತ್ತಿದ್ದವನು ಎದೆ ತುಂಬಿ ಹಾಡಿದಂತೆ. ಹೋಂಡಾದವರು ಈ ಉಪಾಯವನ್ನು ಮೊದಲು ಕಾರಿಗೆ ಅಳವಡಿಸಿದ್ದು 1989ರಲ್ಲಿ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇಂಥ ಕಾರೇಕೆ ಎಂದು ಅಂದು ಕೇಳಿದವರು ಹಲವರು. ನನ್ನ ಊರು ದೇವದುರ್ಗ, ಉದ್ಯೋಗ ರಾಯಚೂರು, ಹೆಂಡತಿಯ ತವರು ಮಾನ್ವಿ. ಈ ಮೂರರ ನಡುವಣ ಜಗತ್ತೇ ನನ್ನ ಜಗತ್ತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎರೆಭೂಮಿ. ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟರೆ ಕಲ್ಮಲಾದ ಕೂಡುರಸ್ತೆ ಬರುತ್ತದೆ. ಅಲ್ಲಿಂದ ಒಂದು ದಾರಿ ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಇನ್ನೊಂದು ಮಾನ್ವಿಗೆ. ಎರಡೂ ಊರು ರಾಯಚೂರಿಗೆ 50 ಕಿಲೋಮೀಟರಿನ ಆಸುಪಾಸು. ಕಾಲುವೆಯ ನೀರು ಬಂದ ಕಡೆ ಭತ್ತದ ಹಸಿರು, ಬಾರದ ಕಡೆ ಹತ್ತಿ, ತೊಗರಿ, ಬಿಸಿಲು. ಆ ನೇರ ದಾರಿಯಲ್ಲಿ ಮುಂಜಾನೆಯ ಹೊತ್ತು, ಮುಂದೆ ಹತ್ತಿಯ ಲಾರಿಯೊಂದು ಹೋಗುತ್ತಿರಲು, ಕ್ಷಣಾರ್ಧದಲ್ಲಿ ಅದನ್ನು ಹಿಂದಿಕ್ಕಿ ಮುಂದೆ ಸಾಗುವ ಸುಖವನ್ನು ಅರಿತವರಿಗೆ ನನ್ನ ಉತ್ತರದ ಅಗತ್ಯವಿಲ್ಲ. ಅರಿಯದವರಿಗೆ ಅದು ತಿಳಿಯುವುದಿಲ್ಲ.

ಇಪ್ಪತ್ತಮೂರು ವರ್ಷಗಳಲ್ಲಿ ಈ ಕಾರು 1,71,000 ಕಿಲೋಮೀಟರು ಓಡಿದೆ. ಹೆಚ್ಚೇನೂ ಅಲ್ಲ. ಆದರೆ ಒಂದೊಂದು ಸಾವಿರಕ್ಕೂ ಲೆಕ್ಕವಿದೆ. ಎಣ್ಣೆ ಬದಲಿಸಿದ ದಿನ, ಗಾಲಿ ಬದಲಿಸಿದ ದಿನ, ಟೈಮಿಂಗ್ ಬೆಲ್ಟ್ ಬದಲಿಸಿದ ದಿನ, ಇವೆಲ್ಲ ಒಂದು ಉದ್ದನೆಯ ವಹಿಯಲ್ಲಿ ದಾಖಲಾಗಿವೆ. ಈ ಬೆಲ್ಟು ರಬ್ಬರಿನದು; ಓಡುವಾಗ ಹರಿದರೆ ಕವಾಟಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದು ಎಂಜಿನ್ನೇ ಹಾಳಾಗುತ್ತದೆ. ಆದಕಾರಣ ಇದುವರೆಗೆ ಮೂರು ಸಲ, ಹರಿಯುವ ಮೊದಲೇ ಬದಲಾಗಿದೆ. ಸ್ಟೇಷನ್ ರಸ್ತೆಯ ಹಿಂದಣ ಓಣಿಯಲ್ಲಿ ಅಂಗಡಿಯಿಟ್ಟಿರುವ ಉಸ್ತಾದರೊಬ್ಬರ ಕೈ ಹೊರತು ಬೇರೊಂದು ಕೈ ಇದರ ಎಂಜಿನ್ನನ್ನು ಮುಟ್ಟಿಲ್ಲ. ನಾವಿಬ್ಬರೂ ಓರಗೆಯವರು. ಅವರ ಕಣ್ಣಿಗೆ ಈಗ ಪೊರೆ ಬಂದಿದೆ. ಅಂಗಡಿಯನ್ನು ಮುಚ್ಚುವ ಮಾತಾಡುತ್ತಿದ್ದಾರೆ.

ಮಾರಬೇಕೆನ್ನುವ ಪಕ್ಷದ ವಾದಗಳು ಕಡಿಮೆಯವಲ್ಲ. ಮೊದಲನೆಯದು ಸರ್ಕಾರದ ಲೆಕ್ಕ. ಸ್ವಂತದ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಿದರು. ನನ್ನ ಸರದಿ ಬರುವುದು 2027ರ ಜೂನಿಗೆ. ವಯಸ್ಸಾದ ಹಾಗೆಲ್ಲ ಬಸ್ಸಿನಲ್ಲಿ ಮನುಷ್ಯನಿಗೆ ರಿಯಾಯಿತಿ, ಕಾರಿಗೆ ದಂಡ.

ಎರಡನೆಯದು ಪೆಟ್ರೋಲು. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಆರಂಭಿಸಿದರು. 2025ರ ಹೊತ್ತಿಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಕಬ್ಬು, ಜೋಳ, ಅಕ್ಕಿಯ ನುಚ್ಚುಗಳಿಂದ ಇಂಧನ ತೆಗೆದು ವಿದೇಶಿ ತೈಲದ ಖರ್ಚನ್ನು ಇಳಿಸುವುದು ಒಳ್ಳೆಯದೇ. ಭತ್ತದ ನಾಡಿನವನಾದ ನಾನು ಅದನ್ನು ಬೇಡವೆನ್ನಲಾರೆ. ಆದರೆ ನನ್ನ ಕಾರು ಈ ಮಿಶ್ರಣಕ್ಕೆಂದು ಹುಟ್ಟಿದ್ದಲ್ಲ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಹಳೆಯ ಬಗೆಯ ಕಾರುಗಳಲ್ಲಿ ಇದರಿಂದ ಮೈಲೇಜು ಶೇಕಡ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಅದಕ್ಕಿಂತ ಮಿಗಿಲಾದ ತೊಂದರೆ ಬೇರೆ. ಎಥೆನಾಲು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರಿನ ನಳಿಕೆಗಳನ್ನೂ ಬಿರಡೆಗಳನ್ನೂ ಕ್ರಮೇಣ ಕೊರೆಯುತ್ತದೆ. ಕಾರು ದಿನಗಟ್ಟಲೆ ನಿಂತಷ್ಟೂ ಇದು ಹೆಚ್ಚು. ಕಳೆದ ವರ್ಷ ನನ್ನ ಕಾರಿನ ಪೆಟ್ರೋಲ್ ನಳಿಕೆಗಳನ್ನೆಲ್ಲ ಬದಲಿಸಬೇಕಾಯಿತು.

ಮೂರನೆಯದು ಬಿಡಿಭಾಗ. ಒಂದು ದೀಪದ ಗಾಜಿಗಾಗಿ ಹೈದರಾಬಾದಿನ ಹಳೆಯ ಸಾಮಾನಿನ ಅಂಗಡಿಗಳನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಜಾಲಾಡಬೇಕು. ನಾಲ್ಕನೆಯದು ಸುರಕ್ಷತೆ. ಮುಂದಣ ಎರಡೂ ಆಸನಗಳಿಗೆ ಗಾಳಿಚೀಲ ಕಡ್ಡಾಯವಾದದ್ದು 2021ರಲ್ಲಿ. ನನ್ನ ಕಾರು ಆ ನಿಯಮಕ್ಕಿಂತ 19 ವರ್ಷ ಹಿರಿಯದು. ಮೊಮ್ಮಗಳನ್ನು ಅದರಲ್ಲಿ ಕೂರಿಸಲು ನನ್ನ ಮಗಳು ಹಿಂದೆಮುಂದೆ ನೋಡುತ್ತಾಳೆ. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಇರಿಸಿಕೊಳ್ಳಬೇಕೆನ್ನುವ ಪಕ್ಷವೂ ದುರ್ಬಲವಾದುದಲ್ಲ. ಅದರ ಸಾಲ ತೀರಿ ಹದಿನೆಂಟು ವರ್ಷವಾಯಿತು. ವರ್ಷದ ವಿಮೆ, ಎಣ್ಣೆ, ರಿಪೇರಿ ಎಲ್ಲ ಕೂಡಿದರೂ ಹೊಸ ಕಾರಿನ ನಾಲ್ಕು ತಿಂಗಳ ಕಂತಿಗೆ ಸಮನಾಗಲಾರದು. ಅದರ ಪ್ರತಿಯೊಂದು ಸದ್ದೂ ನನಗೆ ಪರಿಚಿತ. ದೆಹಲಿಯಲ್ಲಿರುವಂತೆ 15 ವರ್ಷದ ಪೆಟ್ರೋಲ್ ಗಾಡಿಯನ್ನು ತಡೆಯುವ ನಿಯಮ ನಮ್ಮ ರಾಯಚೂರಿಗಿಲ್ಲ. ಇದಕ್ಕೆಲ್ಲ ಕಳಶವಿಟ್ಟಂತೆ ದೇವದುರ್ಗದಲ್ಲಿರುವ ನನ್ನ ಅಕ್ಕನ ವಾದ. ನಮ್ಮ ತಾಯಿಯನ್ನು ಅವಳ ಕೊನೆಯ ವರ್ಷದಲ್ಲಿ ವಾರಕ್ಕೆ ಎರಡು ಸಲ ರಾಯಚೂರಿನ ಆಸ್ಪತ್ರೆಗೆ ಕರೆತಂದದ್ದು ಇದೇ ಕಾರು.

"ಮಾರತೀಯೇನೋ ತಮ್ಮಾ?" ಎಂದಳು ಅಕ್ಕ. "ಹೊಟ್ಟಿಗಿಲ್ಲದಾಗ ಎತ್ತು ಮಾರಿದೋರದಾರ. ಹೊಟ್ಟಿ ತುಂಬಿದಾಗ ಯಾರರ ಮಾರ್ಯಾರೇನು?"

ಇಷ್ಟರಲ್ಲಿ ಗಿರಾಕಿಗಳೂ ಬಂದರು. ಹೊಸ ಕಾರು ಮಾರುವ ಅಂಗಡಿಯವರು ವಹಿಯನ್ನು ತೆರೆದೂ ನೋಡದೆ 45,000 ಎಂದರು. ಅವರ ಲೆಕ್ಕದಲ್ಲಿ ಅದು ಕಬ್ಬಿಣ. ಹೈದರಾಬಾದಿನ ದಲ್ಲಾಳಿಯೊಬ್ಬನು 1,75,000ದವರೆಗೆ ಏರಿದನು. ಅವನಿಗೆ ಬೇಕಾದದ್ದು ಎಂಜಿನ್ನು ಮಾತ್ರ. ಅದನ್ನು ಕಿತ್ತು ಮತ್ತೊಂದು ಕಾರಿನೊಳಗೆ ಕೂರಿಸುವ ಗಿರಾಕಿ ಅವನಲ್ಲಿದ್ದನು. ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿ. ಮಾನ್ವಿಯಲ್ಲಿ ಹುಡುಗರಿಗೆ ಯಂತ್ರದ ಕೆಲಸ ಕಲಿಸುವ ಮೇಷ್ಟ್ರು. ಬಂದವನು ಬೆಲೆಯನ್ನು ಕೇಳಲಿಲ್ಲ. "ಸರ, ಟೈಮಿಂಗ್ ಬೆಲ್ಟ್ ಯಾವಾಗ ಬದಲಿ ಮಾಡಿಸೀರಿ?" ಎಂದು ಕೇಳಿದನು, ವಹಿಯನ್ನು ಕೊಟ್ಟೆ. ಚಪ್ಪರದ ಕೆಳಗೆ ಕುಳಿತು ಒಂದು ತಾಸು ಓದಿದನು. ಕಡೆಗೆ, ತನ್ನಿಂದ 1,20,000ಕ್ಕಿಂತ ಹೆಚ್ಚು ಆಗದೆಂದು ತಲೆ ತಗ್ಗಿಸಿ ಹೇಳಿದನು.

ಆ ಮೇಲೆಯೂ ಎರಡು ತಿಂಗಳು ನಾನು ತೀರ್ಮಾನಕ್ಕೆ ಬರಲಿಲ್ಲ. ತೀರ್ಮಾನಕ್ಕೆ ಎಡೆಮಾಡಿದ್ದು ಉಸ್ತಾದರ ಒಂದು ಮಾತು. ಎಣ್ಣೆ ಬದಲಿಸಿದ ದಿನ ಪರೀಕ್ಷೆಗೆಂದು ಅವರ ಮಗ ಕಾರನ್ನು ಕಲ್ಮಲಾದ ಕಡೆಗೆ ಓಡಿಸಿದನು. ಪಕ್ಕದಲ್ಲಿ ಉಸ್ತಾದರು, ಹಿಂದೆ ನಾನು. ಬಯಲು ಸಿಕ್ಕಿದೊಡನೆ ಹುಡುಗನು ಮೂರನೆಯ ಗೇರಿನಲ್ಲೇ ಒತ್ತಿದನು. ಮುಳ್ಳು ಐದು ಸಾವಿರವನ್ನು ದಾಟಿತು. ಎಂಜಿನ್ನಿನ ದನಿ ಬದಲಾಯಿತು. ಉಸ್ತಾದರು ಕಣ್ಣು ಮುಚ್ಚಿ ಕೇಳಿ, "ಸರ, ಇದರ ಎರಡನೇ ದನಿ ಕೇಳಿ ಎರಡು ವರ್ಷ ಆತು ನೋಡ್ರಿ. ನೀವು ಇದನ್ನ ಒರಸ್ತೀರಿ, ಓಡ್ಸಂಗಿಲ್ಲ. ಗಾಡಿ ಓಡಿದ್ರ ಬದುಕ್ತದ, ನಿಂತ್ರ ಸಾಯ್ತದ" ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ಅರವತ್ತೆಂಟರ ಪ್ರಾಯದಲ್ಲಿ ನಾನು ಮೂರು ಸಾವಿರ ಸುತ್ತಿನ ಮೇಲೆ ಎಂಜಿನ್ನನ್ನು ಏರಿಸುವುದಿಲ್ಲ; ರಾತ್ರಿ ಓಡಿಸುವುದಿಲ್ಲ; ತಿಂಗಳಿಗೆ ನೂರು ಕಿಲೋಮೀಟರು ದಾಟುವುದಿಲ್ಲ. ಎತ್ತರದ ಆ ಉಬ್ಬು ನನ್ನ ಕೈಯಲ್ಲಿ ಸುಮ್ಮನೆ ತಿರುಗುತ್ತಿದೆ. ನಾನು ಇರಿಸಿಕೊಂಡಿರುವುದು ಅರ್ಧ ಕಾರನ್ನು. ಉಳಿದರ್ಧವನ್ನು ಬಟ್ಟೆ ಹೊದಿಸಿ ಕಾಯುತ್ತಿದ್ದೇನೆ. ಜೋಪಾನ ಎಂಬ ಮಾತಿಗೆ ನಾವು ಕೊಡುವ ಅರ್ಥವನ್ನು ಮತ್ತೊಮ್ಮೆ ಯೋಚಿಸಬೇಕೆನಿಸಿತು. ಗ್ರಂಥವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವನು ಹುಳುವಿನಿಂದ ಅದನ್ನು ಉಳಿಸಿರಬಹುದು. ಆದರೆ ಗ್ರಂಥ ಬರೆದದ್ದು ಹುಳುವಿನಿಂದ ಉಳಿಯಲೆಂದಲ್ಲ. ತಾಯಿಯ ನೆನಪಾದರೋ ಆಸನದ ಬಟ್ಟೆಯಲ್ಲಿಲ್ಲ. ಗಬ್ಬೂರಿನ ದಾರಿಯಲ್ಲಿ ಬಸ್ಸಿನಲ್ಲಿ ಹೋದರೂ ಅದು ಜೊತೆಗೆ ಬರುತ್ತದೆ.

ನಮ್ಮ ಈ ಎರಡು ತಾಲ್ಲೂಕುಗಳ ನಡುವೆ ಒಂದು ಹಳೆಯ ಕೊಡುಕೊಳ್ಳುವಿಕೆಯ ಕಥೆಯಿದೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ರೋಗದಿಂದ ಕ್ಷೀಣಿಸಿದ್ದ ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ದಾಸಪರಂಪರೆಯವರು ಹೇಳುತ್ತಾರೆ. ಆ ಆಯುಸ್ಸಿನಲ್ಲಿ ಜಗನ್ನಾಥದಾಸರು 'ಹರಿಕಥಾಮೃತಸಾರ'ವನ್ನು ರಚಿಸಿದರು. ಮಹಾತ್ಮರ ಕಥೆಯನ್ನು ಮೋಟಾರಿನ ವ್ಯಾಪಾರಕ್ಕೆ ಹೋಲಿಸಿದರೆ ಹಿರಿಯರು ಕೋಪಿಸಿಯಾರು. ಆದರೂ ಇಷ್ಟು ಹೇಳಬಹುದು: ಕೊಟ್ಟವರು, ಇವನು ಅದರಿಂದ ಏನು ಮಾಡಿಯಾನು ಎಂದು ಕರಾರು ಬರೆಸಿಕೊಳ್ಳಲಿಲ್ಲ. ಮಾರಿದ ಮೇಲೆ ವಸ್ತು ಕೊಂಡವನದು. ಅವನು ಅದಕ್ಕೆ ಕೆಂಪು ಬಣ್ಣ ಬಳಿದರೂ ನಾನು ಕೇಳುವಂತಿಲ್ಲ. ಯಾರಿಗೆ ಕೊಡಬೇಕೆಂಬುದನ್ನು ಆರಿಸುವುದಷ್ಟೇ ಮಾರುವವನ ಹಕ್ಕು.

ಮಾನ್ವಿಯ ಮೇಷ್ಟ್ರಿಗೆ ಹೇಳಿಕಳಿಸಿದೆ.

ಹಳೆಯ ಕಾರನ್ನು ಮಾರುವ ವಾಚಕರಿಗೆ ಉಪಯೋಗವಾದೀತೆಂದು ಒಂದು ವಿಷಯವನ್ನು ತಿಳಿಸುತ್ತೇನೆ. ಬೀಗದಕೈಯನ್ನು ಕೊಟ್ಟು ಹಣವನ್ನು ಎಣಿಸಿಕೊಂಡ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ. ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ಗಾಡಿ ರಾಜ್ಯದೊಳಗೇ ಉಳಿಯುವುದಾದರೆ, ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಅದಕ್ಕೆ 29ನೆಯ ನಮೂನೆ. ಹೆಸರು ಬದಲಾವಣೆಗೆ 30ನೆಯ ನಮೂನೆ. ದಾಖಲೆಯಲ್ಲಿ ಹೆಸರು ಬದಲಾಗುವತನಕ ಅಪಘಾತದ ಹೊಣೆ ದಾಖಲೆಯಲ್ಲಿರುವ ಒಡೆಯನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಆದುದರಿಂದ ಸ್ನೇಹ, ವಿಶ್ವಾಸ, ಗುರುಶಿಷ್ಯ ಸಂಬಂಧ ಯಾವುದಿದ್ದರೂ ಸಹಿ ಮಾಡಿದ ಕಾಗದಗಳನ್ನು ಕೊಂಡವನ ಜೇಬಿಗೆ ಬಿಟ್ಟು ಮನೆಗೆ ಬರಬಾರದು. ನಾವಿಬ್ಬರೂ ಕೂಡಿಯೇ ಕಚೇರಿಗೆ ಹೋದೆವು; ವಿಮೆಯನ್ನೂ ಅವನ ಹೆಸರಿಗೆ ಮಾಡಿಸಿದೆವು.

ಇಷ್ಟನ್ನು ಓದಿದವರು ಕಡೆಗೆ ಎಷ್ಟಕ್ಕೆ ಕೊಟ್ಟಿರಿ ಎಂದು ಕೇಳದೆ ಬಿಡಲಾರರು. 1,20,000ಕ್ಕೇ ಕೊಟ್ಟೆ. ದಲ್ಲಾಳಿಯ ಬೆಲೆಗಿಂತ ಅದು 55,000 ಕಡಿಮೆ. ಇದನ್ನು ಔದಾರ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಆ ಎಂಜಿನ್ನು ಅದೇ ಮೈಯೊಳಗೆ ಇನ್ನಷ್ಟು ಕಾಲ ಓಡಲೆಂಬ ಆಸೆಗೆ ನಾನು ತೆತ್ತ ಬೆಲೆ ಅದು. ಅಕ್ಕನು ಇನ್ನೂ ಒಪ್ಪಿಲ್ಲ. ಉಸ್ತಾದರ ಮಗ ತಿಂಗಳಿಗೊಮ್ಮೆ ಮಾನ್ವಿಗೆ ಹೋಗಿ ನೋಡಿಬರುತ್ತಾನಂತೆ. ವಹಿಯ ಹೊಸ ಪುಟಗಳು ಈಗ ಬೇರೆ ಅಕ್ಷರದಲ್ಲಿ ತುಂಬುತ್ತಿವೆ. ಮೊದಲ ತಿಂಗಳಲ್ಲೇ 900 ಕಿಲೋಮೀಟರು ಏರಿದೆಯೆಂದು ಅವನು ಹೇಳಿದನು.