ಸುವರ್ಣಗಿರಿಯೂ ಮಣ್ಣಿನ ಸಾಕ್ಷ್ಯವೂ

ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಉಕ್ತವಾದ ಸುವರ್ಣಗಿರಿಯು ಯಾವುದೆಂಬ ವಿಚಾರದಲ್ಲಿ ವಿದ್ವಾಂಸರು ಮಸ್ಕಿಯನ್ನೂ ಕನಕಗಿರಿಯನ್ನೂ ಹೆಸರಿಸಿರುವರು. ಸಿಂದರ ಎರಂಬರಗೆ, ಎಂದರೆ ಈಗಿನ ಯಲಬುರ್ಗಾ, ಇವೆರಡಕ್ಕೂ ಪಶ್ಚಿಮದಲ್ಲಿರುವುದು. ಈ ಸೀಮೆಯ ಸ್ಥಳನಾಮಗಳನ್ನು ವಿಚಾರಿಸುವವರಿಗೆ ಭೂಶಾಸ್ತ್ರದ ಪರಿಚಯವೂ ಅವಶ್ಯಕವು.

ಹಟ್ಟಿ, ಮಸ್ಕಿ, ಕುಷ್ಟಗಿ, ಹುನಗುಂದಗಳ ಕರಿಗಲ್ಲಿನ ಪಟ್ಟಿಗಳು ಬಹುಮಟ್ಟಿಗೆ 250 ಕೋಟಿ ವರ್ಷಗಳಿಗೂ ಹಿಂದಿನ ಜ್ವಾಲಾಮುಖಿಗಳ ಲಾವಾರಸವು ಗಟ್ಟಿಗೊಂಡು ರೂಪಾಂತರ ಹೊಂದಿದವು. ಜ್ವಾಲಾಮುಖಿಯ ಬೂದಿಯೂ ಕಲ್ಲೂ ನೀರಿನಲ್ಲಿ ಕಲಸಿ ಹರಿಯುವ ಕೆಸರಿಗೆ ಜಾವಾ ದ್ವೀಪದವರು ‘ಲಹಾರ್’ ಎನ್ನುವರು. ಅದು ಶಿಲೆಯಾದಾಗ ಹಿರಿಕಿರಿಯ ಕಲ್ಲುಗಳು ಕ್ರಮವಿಲ್ಲದೆ, ಬಹುಶಃ ಮೂಲೆ ಸವೆಯದೆ ಉಳಿಯುವುವು. ಹೊಳೆಯ ಉರುಟುಗಲ್ಲಿನಿಂದ ಅದನ್ನು ಬೇರ್ಪಡಿಸುವುದು ಸವೆದ ಲಿಪಿಯನ್ನು ಓದುವಷ್ಟೇ ಸೂಕ್ಷ್ಮವು.

ಚಿನ್ನವಾದರೋ ಅನಂತರ ಬಿರುಕುಗಳಲ್ಲಿ ಹರಿದ ಬಿಸಿನೀರಿನಿಂದ, ಬೆಣಚುಕಲ್ಲಿನೊಡನೆ ನೆಲಸಿತು. ಹಟ್ಟಿಯಲ್ಲಿ ಅದರೊಡನೆ ಗಂಧಕ, ಕಬ್ಬಿಣ, ಪಾಷಾಣ ಕೂಡಿದ ಅದಿರೂ ಇರುವುದು. ಪಾಷಾಣಧಾತುವು ಮೇಲಣ ಮಣ್ಣಿನಲ್ಲಿ ಚಿನ್ನಕ್ಕಿಂತ ವಿಸ್ತಾರವಾಗಿ ಹರಡುವುದರಿಂದ, ಮಣ್ಣನ್ನು ಸಾಲುಸಾಲಾಗಿ ತೆಗೆದು ಹತ್ತು ಲಕ್ಷ ಭಾಗಕ್ಕೆ ಇಷ್ಟೆಂದು ಅಳೆದರೆ ಕೆಳಗಣ ನಿಕ್ಷೇಪದ ದಿಕ್ಕು ತೋರುವುದು. ಆ ಅದಿರನ್ನು ಬಡಿದರೆ ಬೆಳ್ಳುಳ್ಳಿಯ ವಾಸನೆ ಏಳುವುದು. ಆಕರಪರೀಕ್ಷೆಯಲ್ಲಿ ಬಣ್ಣ, ತೂಕಗಳೊಡನೆ ಉಗ್ರಗಂಧವನ್ನೂ ನೋಡಬೇಕೆಂದು ವಿಧಿಸಿದ ಕೌಟಿಲ್ಯನು ಕೇವಲ ಪುಸ್ತಕಪಂಡಿತನಾಗಿರಲಾರನು!

ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವನು ಶಾಸನಜ್ಞನಲ್ಲ, ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು. ಅಲ್ಲಿಯ ಹಳೆಯ ಗಣಿಗುಂಡಿಗಳು ಮಸ್ಕಿಯ ಪಕ್ಷಕ್ಕೆ ಬಲ ಕೊಡುವುವು. ಕನಕ, ಸುವರ್ಣಗಳು ಪರ್ಯಾಯಪದಗಳೆಂಬ ಮಾತ್ರದಿಂದ ಕನಕಗಿರಿಯ ಪಕ್ಷವು ಸಿದ್ಧವಾಗದು. ಆದರೆ ಸುವರ್ಣಗಿರಿಯು ಆರ್ಯಪುತ್ರನೂ ಮಹಾಮಾತ್ರರೂ ಇದ್ದ ಆಡಳಿತಸ್ಥಾನ. ಅದು ಗಣಿಯ ಬಾಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕಶಾಸನಗಳನ್ನೂ ಈ ವಿಚಾರದಲ್ಲಿ ಗಣಿಸಬೇಕು.