ಹಾಳೆಯಲ್ಲಿ ಉಳಿದ ಧರ್ಮ

ಯಹೂದಿ ಧರ್ಮವೆಂದರೆ ನಮಗೆ ನೆನಪಾಗುವುದು ಜೆರುಸಲೇಮ್, ಹೆಚ್ಚೆಂದರೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಅಂಥದೊಂದು ಮಂದಿರ ಕಣ್ಣಿಗೆ ಬೀಳದ್ದರಿಂದ, ಆ ಧರ್ಮಕ್ಕೂ ನಮ್ಮ ಕಾಸರಗೋಡು ಸೀಮೆಗೂ ನಂಟಿಲ್ಲವೆಂದೇ ತಿಳಿದಿದ್ದೇವೆ. ಆದರೆ ಚಂದ್ರಗಿರಿ ಹೊಳೆಯಿಂದ ಬಡಗಣಕ್ಕೆ ಹಬ್ಬಿದ್ದ ಹಳೆಯ ತುಳುನಾಡಿನ ಬಂದರಿನಲ್ಲೇ, ಮಂಜೇಶ್ವರಕ್ಕೆ ಕೂಗಳತೆಯಂತಿರುವ ಮಂಗಳೂರಿನಲ್ಲಿ, 1132ರಲ್ಲಿ ಬರೆದ ಒಂದು ಪತ್ರ ಈ ಧರ್ಮದ ಗುಟ್ಟನ್ನು ಯಾವ ಮಂದಿರಕ್ಕಿಂತಲೂ ಚೆನ್ನಾಗಿ ಹೇಳುತ್ತದೆ: ಇದು ಬರಹದ ಬಲದಿಂದ ಬದುಕಿದ ಧರ್ಮ.

ಯಹೂದಿ ಪರಂಪರೆ ತನ್ನ ಮೂಲವನ್ನು ಅಬ್ರಹಾಮನಲ್ಲೂ ಮೋಶೆಯ ಮೂಲಕ ಬಂದ ತೋರಾ ಎಂಬ ಐದು ಗ್ರಂಥಗಳಲ್ಲೂ ಕಾಣುತ್ತದೆ. ಇಸ್ರೇಲ್ ಎಂಬ ಜನದ ಹೆಸರು ಬೈಬಲಿನ ಹೊರಗೆ ಮೊದಲು ಸಿಗುವುದು ಸುಮಾರು ಕ್ರಿ.ಪೂ. 1208ರ ಈಜಿಪ್ಟಿನ ಮರ್ನೆಪ್ತಾ ದೊರೆಯ ಶಾಸನದಲ್ಲಿ. ಜೆರುಸಲೇಮಿನ ದೇಗುಲವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಕೆಡವಿದರು; ಮತ್ತೆ ಎದ್ದದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ಬಲಿಪೀಠ ಹೋಯಿತು, ಪುರೋಹಿತರ ಕೆಲಸ ನಿಂತಿತು. ಧರ್ಮವೂ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ರಬ್ಬಿಗಳೆಂಬ ವಿದ್ವಾಂಸರು ಬಾಯಿಂದ ಬಾಯಿಗೆ ಬಂದ ಕಟ್ಟಳೆಗಳನ್ನು ಜೋಡಿಸಿ ಸುಮಾರು 200ರ ಹೊತ್ತಿಗೆ ಮಿಶ್ನಾ ಎಂಬ ಸಂಗ್ರಹವಾಗಿಸಿದರು. ಮದುವೆ, ಸಾಲ, ದಾಸ್ಯ ಎಲ್ಲಕ್ಕೂ ಅದರಲ್ಲಿ ದಾರಿ ಇತ್ತು. ಅದನ್ನು ಬಲ್ಲವನು ಹೋದಲ್ಲಿ ಧರ್ಮವೂ ಹೋಯಿತು.

ಹಾಗೆ ಹೋದವರಲ್ಲಿ ಒಬ್ಬ ಟುನೀಶಿಯಾದ ಮಹ್ದಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು. ಮಂಗಳೂರನ್ನು ನೆಲೆಯಾಗಿಸಿಕೊಂಡ ಅವನು 1149ರವರೆಗೆ ಈ ಕರಾವಳಿಯಲ್ಲಿದ್ದ. ಅಡಿಕೆ, ಕಾಳುಮೆಣಸು, ಏಲಕ್ಕಿ, ಕಬ್ಬಿಣವನ್ನು ಯೆಮೆನಿನ ಏಡನ್‌ಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನಿಂದ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಕಳಿಸುತ್ತಿದ್ದರು. ಬಂದ ಕಾಗದದ ಹಿಂಬದಿಯನ್ನೂ ಅವನು ಬಿಡಲಿಲ್ಲ, ಲೆಕ್ಕ ಬರೆದ, ಕರಡು ಬರೆದ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವ ನಮಗೆ ಇದೇನೂ ವಿಚಿತ್ರವಲ್ಲ. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಆಕೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೆಸರು ಪಡೆದು ಯಹೂದಿಯಾದಳು. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ನಂಬುತ್ತಾರೆ.

ಒಬ್ಬ ವರ್ತಕನ ಕಾಗದದಿಂದ ಒಂದು ಧರ್ಮವನ್ನೇ ಅಳೆಯಬಹುದೇ, ಇದು ಬರೀ ವ್ಯಾಪಾರದ ಚರಿತ್ರೆಯಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ತುಳುನಾಡಿನ ರಾಜನ ಊರಲ್ಲಿ ಕುಳಿತು, ಕೇಳುವವರಿಲ್ಲದಿದ್ದರೂ, ತನ್ನ ಧರ್ಮದ ಕಟ್ಟಳೆಯಂತೆಯೇ ಅವನು ಆ ಬಿಡುಗಡೆ ಪತ್ರ ಬರೆದ. ಅವನ ಲೆಕ್ಕದ ಚೂರುಗಳು ಉಳಿದದ್ದೂ ಧರ್ಮದಿಂದಲೇ. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂದು ಯಹೂದಿಗಳು ಹಳೆಯ ಕಾಗದಗಳನ್ನು ಗೆನಿಜಾ ಎಂಬ ಕೋಣೆಗೆ ಹಾಕುತ್ತಾರೆ. ಜೀರ್ಣವಾದ ದೇವರ ಪಟವನ್ನು ನಾವು ಹೊಳೆಗೆ ಬಿಡುವುದರ ಹಿಂದಿನ ಭಾವವೂ ಇದೇ. ಹೊಳೆಗೆ ಬಿಟ್ಟದ್ದು ಕರಗುತ್ತದೆ, ಕೋಣೆಗೆ ಹಾಕಿದ್ದು ಉಳಿಯಿತು. ಅವನ ಕಾಗದಗಳು ಸೇರಿದ್ದ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಿಂದ ವಿದ್ವಾಂಸ ಸಾಲೊಮನ್ ಶೆಖ್ಟರ್ 1896–97ರಲ್ಲಿ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ಇತಿಹಾಸಕಾರ ಎಸ್.ಡಿ. ಗೊಯ್‌ಟೈನ್ ಗೆನಿಜಾ ತುಣುಕುಗಳಿಂದ ಭಾರತದ ವ್ಯಾಪಾರದ ಕಥೆಯನ್ನು ಹೊರತೆಗೆದರು. ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಬೆನ್ ಯಿಜುವಿನ ತುಳುನಾಡಿನ ದಾಸ ಬೊಮ್ಮನ ಜಾಡು ಹಿಡಿದರು. ಬೊಮ್ಮನ ಬಾಳನ್ನೂ ಆಶುವಿನ ಮನಸ್ಸನ್ನೂ ಯಜಮಾನನ ಬರಹ ಹೇಳುವುದಿಲ್ಲ. ಈ ಸಾಕ್ಷ್ಯದ ದೊಡ್ಡ ಕೊರತೆ ಅದು.

ಕೇಂಬ್ರಿಜ್ ಗ್ರಂಥಾಲಯ ಗೆನಿಜಾ ಹಾಳೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕಾಸರಗೋಡಿನ ಇತಿಹಾಸ ವಿದ್ಯಾರ್ಥಿಗಳು ಅವನ್ನು ಒಮ್ಮೆಯಾದರೂ ತೆರೆದು ನೋಡಬೇಕು.